ಆವಿಯ ಹಲ್ಲು

ಮೇಡಂ ಕೇಳಿಸಿಕೊಂಡಿದ್ದರೋ ಇಲ್ಲವೋ, ಅದೊಂದು ಗೊತ್ತಾಗಿಬಿಟ್ಟರೆ ಸಾಕಾಗಿತ್ತು. ಕೇಳಿಸಿಕೊಂಡಿದ್ದರೆ ಮುಂದಿನದನ್ನು ನೋಡಿಕೊಳ್ಳಬಹುದು, ಇಲ್ಲದಿದ್ದರೆ ಇನ್ನೊಂದು ಸಲ ಮಾಡಿ ತೋರಿಸಬಹುದು. ಈ ನಡುವಿನ ತೂಗಾಟವೇ ಅವಳಿಗೆ ಸಾಕುಸಾಕಾಗಿತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತು ಮತ್ತೆ ಮೊಬೈಲು ತೆಗೆದು ನೋಡಿದಳು. "ಬಂದ ಕೂಡಲೇ ನನ್ನ ರೂಮಿಗೆ ಬಾ." ಅಷ್ಟೇ. ಮೇಡಂ ಕಳಿಸುವ ಸಂದೇಶಗಳಲ್ಲಿ ಸಿಟ್ಟು, ಸಂತೋಷ, ಕೈತೊಳೆಯುವ ಸಾಬೂನು ಮುಗಿದಿದೆ ಎನ್ನುವ ಸುದ್ದಿ, ಎಲ್ಲವೂ ಒಂದೇ ದನಿಯಲ್ಲಿರುತ್ತಿದ್ದವು. ಲ್ಯಾಬಿನವರು ಅವರಿಗೆ ಬೇಸ್‌ಲೈನ್ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಯಂತ್ರ ಎಳೆಯುವ ಗೆರೆಯಲ್ಲಿ ಏನೂ ಏರದ, ಏನೂ ಇಳಿಯದ ಚಪ್ಪಟೆ ಭಾಗಕ್ಕೆ ಆ ಹೆಸರು. ಮೊನ್ನೆ ಮಧ್ಯಾಹ್ನ ಆ ಯಂತ್ರ ತನ್ನ ಪಾಡಿಗೆ ತಾನು ಗೆರೆ ಎಳೆಯುತ್ತಿದ್ದಾಗ ಅವಳು ಅದರ ಪಕ್ಕದಲ್ಲೇ ನಿಂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಗಲ್ಲ ಎತ್ತಿ, ಪ್ರತಿ ಪದದ ಕೊನೆಗೂ ಒಂದು ಸಣ್ಣ ಬೀಗ ಹಾಕುತ್ತ, "ಇರಬಹುದು. ಇಲ್ಲದೆಯೂ ಇರಬಹುದು" ಎಂದು ಮೇಡಂ ದನಿಯಲ್ಲೇ ಅಂದಿದ್ದಳು. ಆಮೇಲೆ ಮೇಡಂ ತರಕಾರಿ ಕೊಳ್ಳುವುದು, ಮೇಡಂ ಮದುವೆಗೆ ಒಪ್ಪಿಕೊಂಡಿದ್ದು, ಮೇಡಂ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆಯಲು ಸಾಕಷ್ಟು ಪುರಾವೆ ಇದೆಯೇ ಎಂದು ಕೇಳಿದ್ದು. ಜೊತೆಯ ಸಂಶೋಧಕ ನಕ್ಕು ನಕ್ಕು ಸ್ಟೂಲಿನಿಂದ ಜಾರಿದ್ದ. ಅವನು ಏಳುವ ಹೊತ್ತಿಗೆ ಬಾಗಿಲಿನ ಮಬ್ಬುಗಾಜಿನ ಆಚೆ ಒಂದು ನೆರಳು ನಿಂತಿತ್ತು, ಅಥವಾ ಹೋಗುತ್ತಿತ್ತು, ಅಥವಾ ಅದು ಕೋಟು ತೂಗುಹಾಕುವ ಗೂಟದ ನೆರಳಾಗಿತ್ತು. ಇರಬಹುದು. ಇಲ್ಲದೆಯೂ ಇರಬಹುದು. ಅವಳಿಗೆ ತನ್ನ ತುಟಿ ಬಸ್ಸಿನಲ್ಲೇ ಅಲುಗುತ್ತಿರುವುದು ತಿಳಿದು, ಎದುರು ಸೀಟಿನ ಹೆಂಗಸು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಿದ್ದೂ ತಿಳಿದು, ಕಿಟಕಿಯ ಕಡೆ ಮುಖ ತಿರುಗಿಸಿದಳು.

ಈ ಚಾಳಿ ಅಪ್ಪನದು. ಅಪ್ಪ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬರುವ ಹೋಗುವ ಗಾಡಿಗಳನ್ನು ಕೂಗಿ ಹೇಳುತ್ತಿದ್ದವರು. ಊರಿಗೆ ಊರೇ ಅವರ ದನಿ ಕೇಳಿ ಓಡುತ್ತಿತ್ತು, ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಬಂದರೆ ನಿಲ್ದಾಣದ ಸಮಸ್ತ ಅಧಿಕಾರಿಗಳೂ ಊಟದ ಮೇಜಿನ ಸುತ್ತ ಹಾಜರು. ಒಬ್ಬರು ಮೂಗಿನಲ್ಲಿ, ಒಬ್ಬರು ಹೊಟ್ಟೆಯಲ್ಲಿ, ಒಬ್ಬರು ಬಾಯಿಯಲ್ಲಿ ಏನೋ ಇಟ್ಟುಕೊಂಡು ಮಾತಾಡುತ್ತಿದ್ದರು, ಎಲ್ಲರೂ ಅಪ್ಪನೇ. ಅಮ್ಮ ಮಾತ್ರ "ರೀ, ಆ ಮನುಷ್ಯ ಹೊರಗೆ ಹೋಗ್ಲಿ, ನಿಮಗೆ ಮಾತ್ರ ಬಡಿಸ್ತೀನಿ" ಅನ್ನುತ್ತಿದ್ದಳು. ಆಮೇಲೆ ಗಂಟಲಲ್ಲಿ ಗಂಟು, ಆಪರೇಷನ್ನು. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ, ಕತ್ತಿನಲ್ಲಿ ಉಸಿರಿಗೊಂದು ತೂತು ಮಾಡಿ, ಒಳಗಡೆ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಗುಂಡಿಯಷ್ಟು ದೊಡ್ಡದೊಂದು ಸಿಲಿಕೋನಿನ ಕವಾಟ ಕೂಡಿಸಿದರು. ತೂತಿಗೆ ಹೆಬ್ಬೆರಳು ಒತ್ತಿದರೆ ಗಾಳಿ ಕವಾಟ ನೂಕಿಕೊಂಡು ಆಚೆ ಹೋಗಿ ಮಾತಾಗುತ್ತದೆ. ಹೊಸ ದನಿ ಗೊರಗೊರ, ತಗ್ಗು, ಆದರೆ ಅದರಲ್ಲೂ ಒಂದು ತಿಂಗಳೊಳಗೆ ಅಪ್ಪ ಡಾಕ್ಟರ ಧಾಟಿಯನ್ನು ಹಿಡಿದುಬಿಟ್ಟಿದ್ದರು. ಡಾಕ್ಟರಿಗೇ ಮಾಡಿ ತೋರಿಸಿ ನಗಿಸಿದ್ದರು. ಕಷ್ಟವೆಂದರೆ ಆ ಕವಾಟದ ಮೇಲೆ ಸೂಕ್ಷ್ಮಜೀವಿಗಳು ಬಂದು ಲೋಳೆ ಕಟ್ಟಿಕೊಂಡು ಕೂರುತ್ತವೆ. ಅದು ಸರಿಯಾಗಿ ಮುಚ್ಚುವುದಿಲ್ಲ, ಕುಡಿದ ನೀರು ಹೋಗಬಾರದ ಕಡೆ ಹೋಗಿ ಕೆಮ್ಮು ಹತ್ತುತ್ತದೆ, ಕೊನೆಗೆ ತೆರೆಯುವುದೂ ಇಲ್ಲ. "ಬಾಡಿಗೆದಾರರು ಮತ್ತೆ ಬಂದ್ರು" ಎಂದು ಅಪ್ಪ ಪಿಸುಗುಟ್ಟಿದರೆಂದರೆ ಇನ್ನೊಂದೆರಡು ದಿನದಲ್ಲಿ ಮಾತು ಬಂದ್ ಎಂದು ಅರ್ಥ. ಈ ಸಲ ವಾರದಿಂದ ಬಂದ್. ಇವತ್ತು ಆಸ್ಪತ್ರೆಯಲ್ಲಿ ಕವಾಟ ಬದಲಾಯಿಸುತ್ತಾರೆ. ಪ್ರತಿ ಸಲ ಜೊತೆಗೆ ಹೋಗುತ್ತಿದ್ದವಳು ಇವತ್ತು ಹೋಗಲಿಲ್ಲ. ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತು ಕತ್ತಿಗೆ ಹೆಬ್ಬೆರಳು ಒತ್ತಿ ಏನೋ ಹೇಳಲು ಹೋದರು. 'ಸ್‌ಸ್' ಎಂದಷ್ಟೇ ಬಂತು. ಅಪ್ಪ ಆ ಸದ್ದನ್ನೇ ಹಿಡಿದು, ಎಂಜಿನ್ ಆವಿ ಬಿಡುತ್ತಿರುವ ಹಾಗೆ ಮೊಣಕೈ ತಿರುಗಿಸುತ್ತ ಪಡಸಾಲೆಯ ಉದ್ದಕ್ಕೂ ಹೋಗಿ ಚಪ್ಪಲಿಯ ಹತ್ತಿರ ಬ್ರೇಕು ಹಾಕಿದರು. "ಅರವತ್ತು ದಾಟಿದೆ, ಆಟ ನೋಡು" ಅಂದಳು ಅಮ್ಮ. "ನೀನು ಹೋಗೇ ಪುಟ್ಟಿ, ನಾನಿದೀನಲ್ಲ. ನಿನ್ನ ಲೋಳೆ ಕಾಯ್ತಿರತ್ತೆ."

ಅವಳ ಲೋಳೆ. ಮೂರು ವರ್ಷದಿಂದ ಅವಳ ಮನೆಗೆಲಸ, ಹೊರಗೆಲಸ, ಕನಸು ಎಲ್ಲವೂ ಅದೇ. ಬ್ಯಾಕ್ಟೀರಿಯಾಗಳು ಒಂಟಿಯಾಗಿ ಓಡಾಡಿಕೊಂಡಿರುವಾಗ ಬಡಪಾಯಿಗಳು. ಯಾವ ಮದ್ದು ಕೊಟ್ಟರೂ ಸಾಯುತ್ತವೆ. ಒಂದು ಕಡೆ ಅಂಟಿ ಕೂತು, ಸಕ್ಕರೆಯ ಅಂಟಿನಿಂದ ಹೊದಿಕೆ ನೇಯ್ದು, ಬಯೋಫಿಲ್ಮ್ ಎಂಬ ವಠಾರ ಕಟ್ಟಿಕೊಂಡವೆಂದರೆ ಮದ್ದು ಬಾಗಿಲಲ್ಲೇ ನಿಂತು ವಾಪಸು ಹೋಗುತ್ತದೆ. ಹೋಗುತ್ತದೆಯೋ, ಒಳಗೆ ಹೋಗಿಯೂ ಏನೂ ಮಾಡಲಾರದೆ ಕೂರುತ್ತದೆಯೋ, ಅದನ್ನು ವಠಾರ ಒಡೆಯದೆ ನೋಡುವುದು ಹೇಗೆ? ಅದಕ್ಕೆ ಆ ಯಂತ್ರ. ಒಂದು ಹರಳಿನ ಮೇಲೆ ಲೋಳೆ ಬೆಳೆಸಿ, ಹರಳಿನ ಒಳಗಿನಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸಬೇಕು. ಬೆಳಕು ಲೋಳೆಯ ಬುಡದಲ್ಲಿ ಕೂದಲೆಳೆಗಿಂತ ಎಷ್ಟೋ ಪಾಲು ತೆಳುವಾದ ಪದರದೊಳಕ್ಕೆ ಇಣುಕಿ ಬರುತ್ತದೆ. ಅಲ್ಲಿರುವ ಒಂದೊಂದು ಅಣುವೂ ತನ್ನ ಶ್ರುತಿಗೆ ಹೊಂದುವ ಬೆಳಕನ್ನು ಮಾತ್ರ ಹೀರಿಕೊಂಡು ಅಲುಗುತ್ತದೆ. ಹೀರಿದ ಕಡೆಯೆಲ್ಲ ಗೆರೆ ಏರುತ್ತದೆ. ಸಕ್ಕರೆಗೆ ಒಂದು ಜಾಗ, ಪ್ರೋಟೀನಿಗೆ ಒಂದು ಜಾಗ, ಅವರು ಪರೀಕ್ಷಿಸುತ್ತಿದ್ದ 'ಹದಿನೇಳು' ಎಂಬ ಹೊಸ ಮದ್ದಿಗೆ ತನ್ನದೇ ಒಂದು ಜಾಗ. ಮುಖ ನೋಡದೆ ದನಿ ಹಿಡಿದು ಯಾರೆಂದು ಹೇಳುವ ಕೆಲಸ. ಮೊದಲ ದಿನವೇ ಅವಳಿಗೆ ಇದು ತನ್ನ ವಂಶದ ಕಸುಬು ಅನ್ನಿಸಿತ್ತು. ಮದ್ದು ಬುಡದವರೆಗೆ ಬಂದಿದ್ದು ಹಿಂದೆಯೇ ಗೊತ್ತಾಗಿತ್ತು. ಬಂದು ಏನು ಮಾಡಿತು? ಮೊನ್ನೆಯ ಗೆರೆಯಲ್ಲಿ ಪ್ರೋಟೀನಿನ ಶಿಖರದ ಪಕ್ಕ ಒಂದು ಸಣ್ಣ ಉಬ್ಬು ಎದ್ದಿತ್ತು. ಲ್ಯಾಬಿನ ಮಾತಿನಲ್ಲಿ ಭುಜ. ಎಂದರೆ ಒಳಗಿರುವವರ ಪ್ರೋಟೀನು ಮಡಿಕೆ ಬಿಚ್ಚಿ ಆಕಾರ ಕೆಡುತ್ತಿದೆ, ಮದ್ದು ನಾಟಿದೆ. ನಿನ್ನೆ ಎಲ್ಲರೆದುರು ಅದನ್ನು ತೋರಿಸಿದಾಗ ಮೇಡಂ ಬಹಳ ಹೊತ್ತು ನೋಡಿ "ಚೆನ್ನಾಗಿದೆ" ಅಂದಿದ್ದರು. ಮೂರು ವರ್ಷದಲ್ಲಿ ಮೊದಲ ಸಲ. ಮದ್ದು ಮಾಡುವವರಿಗೆ ನಾಳೆ ಸಂಜೆ ಹೇಳುತ್ತೇನೆ, ಅವರು ಇದನ್ನು ಬಿಡಬೇಕೋ ಮುಂದುವರಿಸಬೇಕೋ ಎಂದು ನಮ್ಮ ಮಾತಿಗೇ ಕಾಯುತ್ತಿದ್ದಾರೆ, ಅಂದಿದ್ದರು. ಆ ನಾಳೆ ಇವತ್ತು.

ಮೇಡಂ ರೂಮಿನ ಬಾಗಿಲು ತೆರೆದೇ ಇತ್ತು. ಅವಳು ಒಳಗೆ ಬಂದಾಗ ಅವರು ತಲೆ ಎತ್ತಲಿಲ್ಲ, ಪಕ್ಕದ ಕುರ್ಚಿಯನ್ನು ಕಾಲಿನಿಂದ ಸ್ವಲ್ಪ ತಳ್ಳಿದರು, ಅಷ್ಟೇ. ಪರದೆಯ ಮೇಲೆ ಅವಳ ಭುಜ, ಎಷ್ಟು ದೊಡ್ಡದು ಮಾಡಿದ್ದರೆಂದರೆ ಅವಳಿಗೇ ಗುರುತು ಸಿಗಲಿಲ್ಲ.

"ಇದೇನು?"

"ಭುಜ ಮೇಡಂ."

"ಭುಜದ ಮೇಲೇನು?"

ಅವಳು ಬಗ್ಗಿ ನೋಡಿದಳು. ಉಬ್ಬಿನ ಮೇಲೆಲ್ಲ ಸಣ್ಣ ಸಣ್ಣ ಚೂಪುಗಳು, ಬಾಚಣಿಗೆಯನ್ನು ತಲೆಕೆಳಗಾಗಿ ಇಟ್ಟ ಹಾಗೆ. "ಹಲ್ಲು ಮೇಡಂ. ನೀರಾವಿ."

"ನೀರಾವಿ. ಯಂತ್ರದ ಪೆಟ್ಟಿಗೆಯೊಳಗೆ ನೈಟ್ರೋಜನ್ ಊದ್ತಿರೋದು ಆವಿ ಓಡಿಸಕ್ಕೆ ತಾನೆ? ಒಳಗೆ ಹೇಗೆ ಬಂತು?"

"ರೂಮಲ್ಲಿ ತೇವ ಇತ್ತೇನೋ ಮೇಡಂ."

"ಇರಬಹುದು," ಅಂದರು ಮೇಡಂ. ಅವಳು ಉಸಿರು ಬಿಗಿಹಿಡಿದಳು. ಉಳಿದರ್ಧವನ್ನು ಅವರು ಹೇಳಲಿಲ್ಲ. ಗೆರೆಯನ್ನು ಎಳೆದುಕೊಂಡು ಇನ್ನೊಂದು ತುದಿಗೆ ಹೋದರು. "ಇಲ್ಲಿ ನೋಡು, ಇಂಗಾಲದ ಡೈಆಕ್ಸೈಡು. ಅದೂ ಏರಿದೆ. ತೇವ ಆಗಿದ್ರೆ ಆವಿ ಒಂದೇ ಏರ್ತಿತ್ತು. ಎರಡೂ ಕೈ ಕೈ ಹಿಡ್ಕೊಂಡು ಏರಿವೆ ಅಂದ್ರೆ?"

"ಉಸಿರು ಮೇಡಂ."

"ಉಸಿರು ಸಮವಾಗಿ ಬರತ್ತೆ. ಇದು ಏರ್ತಾ ಇಳೀತಾ ಇದೆ. ಒಂದಾದ ಮೇಲೊಂದು ಗೆರೆ ಸಾಲಾಗಿ ಇಟ್ಟು ನೋಡ್ದೆ. ಇಲ್ಲಿ ಶುರು. ಇಲ್ಲಿ ಸ್ವಲ್ಪ ನಿಂತಿದೆ. ಮತ್ತೆ ಇಲ್ಲಿ." ಅವರ ಪೆನ್ಸಿಲಿನ ತುದಿ ಗೆರೆಯಿಂದ ಗೆರೆಗೆ ಹಾರುತ್ತಿತ್ತು. "ಯಾರೋ ಯಂತ್ರದ ಪಕ್ಕ ನಿಂತು ಬಿಡುವಿಲ್ದೆ ಮಾತಾಡಿದಾರೆ. ಇಲ್ಲಿ ನೋಡು, ಎಲ್ಲಕ್ಕಿಂತ ಎತ್ತರ. ಇದು ಮಾತಲ್ಲ."

"ಮತ್ತೆ?"

"ಇಲ್ಲಿ ನಕ್ಕಿದಾರೆ."

ತರಕಾರಿ, ಎಂದು ಅವಳು ಮನಸ್ಸಿನಲ್ಲೇ ಎಣಿಸಿದಳು. ಇಲ್ಲ, ಆ ಎತ್ತರ ಹಲ್ಲಿನ ಡಾಕ್ಟರದೇ. ತಾನು ಮಾಡಿದ ಅಣಕವೆಲ್ಲ ಒಂದು ಬಿಡದೆ ಅಲ್ಲಿ ದಾಖಲಾಗಿ, ಅಣಕಿಸಿಕೊಂಡವರೇ ಕೂತು ಅದಕ್ಕೆ ಅರ್ಥ ಹೇಳುತ್ತಿದ್ದಾರೆ. ಕಿವಿ ಬಿಸಿಯಾಯಿತು. ಮುಚ್ಚಳದ ಸಂದಿನಿಂದ ಕೊಳವೆಗಳು ಹೊರಗೆ ಬರುವ ಕಡೆ ಅಲ್ಯೂಮಿನಿಯಂ ಹಾಳೆ ತುರುಕಿ ಟೇಪು ಸುತ್ತಬೇಕು. ಮೊನ್ನೆ ಕೊಳವೆ ತೊಟ್ಟಿಕ್ಕುತ್ತಿದೆಯೇ ಎಂದು ನೋಡಲು ಅದನ್ನು ತೆಗೆದವಳು ಮತ್ತೆ ತುರುಕಿರಲಿಲ್ಲ. ಕೈ ಬಿಡುವಿರಲಿಲ್ಲ, ಕನ್ನಡಕ ಇಳಿಸುವುದಿತ್ತಲ್ಲ. ಮೇಡಂ ಮುಖದಲ್ಲಿ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು. ಬೇಸ್‌ಲೈನ್. ತಾವು ಹೇಳುತ್ತಿರುವುದು ಯಾರ ಕಥೆ ಎಂದು ಈ ಹೆಂಗಸಿಗೆ ಗೊತ್ತಿದೆಯೋ ಇಲ್ಲವೋ.

"ಈ ಹಲ್ಲು ಬರೋ ಜಾಗವೇ ಭುಜದ ಜಾಗ," ಅಂದರು ಮೇಡಂ. "ಹಲ್ಲು ಕಿತ್ತರೆ ಭುಜ ಉಳಿಯತ್ತೋ ಇಲ್ವೋ ನಂಗೆ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ನಿನ್ನೆ ನಾನು ಚೆನ್ನಾಗಿದೆ ಅಂದೆ. ಅವಸರ ಮಾಡ್ದೆ." ಇದನ್ನು ಅವರು ತಮ್ಮ ತಪ್ಪು ಎನ್ನುವ ಹಾಗೆ ಹೇಳಿದ್ದರಿಂದ ಅವಳಿಗೆ ಇನ್ನೂ ಸಂಕಟವಾಯಿತು. "ಜೋಡಿ ಹರಳು ಬೆಳೆದಿದೆಯಾ?"

"ಇದೆ ಮೇಡಂ, ಇವತ್ತಿಗೆ ಸರಿಯಾಗಿ."

"ಹಾಗಾದ್ರೆ ಇವತ್ತೇ. ಸಂಜೆ ಅವರಿಗೆ ಹೇಳಬೇಕು. ಭುಜ ಬಂದ್ರೆ ಹದಿನೇಳು ಉಳೀತು. ಬರ್ಲಿಲ್ಲ ಅಂದ್ರೆ ಅವರು ಬಿಡ್ತಾರೆ, ನಿಂಗೆ ಬೇರೆ ಕೆಲಸ ಹುಡುಕೋಣ." ಅವಳು ಎದ್ದು ಹೋಗುವಾಗ ಹಿಂದಿನಿಂದ ಹೇಳಿದರು: "ಬಾಯಿ ಮಾತ್ರ ತೆರೀಬೇಡ."

ಜೋಡಿ ಹರಳು ಬೆಳೆಸುವುದು ಜೊತೆಯವನ ಪದ್ಧತಿ. ಅವನಿಗೆ ಬಫರ್ ಎಂದು ಹೆಸರು. ಆಮ್ಲ ಹಾಕಿದರೂ ಕ್ಷಾರ ಹಾಕಿದರೂ ಅಲುಗಾಡದೆ ಸಮ ಇರುವ ದ್ರಾವಣಕ್ಕೆ ಬಫರ್ ಅನ್ನುತ್ತಾರೆ. ಅದನ್ನು ಲ್ಯಾಬಿಗೆಲ್ಲ ಕಲಸಿ ಕೊಡುವವನು ಅವನೇ, ಮೇಡಂ ಬೈಗುಳಕ್ಕೂ ಬೇರೆಯವರ ಅಳುವಿಗೂ ನಡುವೆ ನಿಲ್ಲುವವನೂ ಅವನೇ. ಯಾವುದನ್ನು ಬೆಳೆಸಿದರೂ ಎರಡು ಬೆಳೆಸುತ್ತಿದ್ದ. "ಒಂದಕ್ಕೆ ಬೇಜಾರಾಗಬಾರ್ದು ಅಂತ" ಅನ್ನುತ್ತಿದ್ದ. ವಿಷಯ ಕೇಳಿ ಅವನ ಮುಖವೂ ಕೆಂಪಾಯಿತು.

"ನನ್ನ ನಗುನೂ ಬಂದಿದೆಯಾ ಅದ್ರಲ್ಲಿ?"

"ನಿಂದೇ ಎಲ್ಲಕ್ಕಿಂತ ಎತ್ತರ."

"ಥೂ. ಮಾಡಿದ್ದು ನೀನು, ಹೆಸರು ನನಗೆ."

"ಅದಕ್ಕೇ ಹೇಳೋದು, ನಗೋವಾಗ ಬಾಯಿ ಮುಚ್ಕೋ ಅಂತ."

ಇಬ್ಬರೂ ಸೇರಿ ಹರಳನ್ನು ಕೂಡಿಸಿದರು. ಕೊಳವೆಗಳ ಸಂದಿಗೆ ಹಾಳೆಯನ್ನು ಉಂಡೆ ಕಟ್ಟಿ ತುರುಕಿ, ಮೇಲೆ ಟೇಪು, ಅದರ ಮೇಲೆ ಅಡ್ಡ ಟೇಪು, ಮದುಮಗಳ ಪೆಟ್ಟಿಗೆಗೆ ಹಗ್ಗ ಬಿಗಿದ ಹಾಗೆ. ನೈಟ್ರೋಜನ್ 'ಸ್‌ಸ್' ಎಂದು ಒಳಗೆ ನುಗ್ಗಿತು. ಆ ಸದ್ದು ಎಲ್ಲೋ ಕೇಳಿದಂತಿದೆಯಲ್ಲ ಎಂದು ಅವಳು ಒಂದು ಕ್ಷಣ ತಲೆ ಓರೆಮಾಡಿ, ಬೆಳಿಗ್ಗೆ ಪಡಸಾಲೆಯಲ್ಲಿ ಹೊರಟ ರೈಲನ್ನು ನೆನೆದು, ನಗು ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಕಿಟಕಿಯ ಹತ್ತಿರ ಹೋಗಿ ನಕ್ಕು ಬಂದಳು. ಹಲ್ಲುಗಳು ಒಂದೊಂದೇ ಕರಗಿ ಗೆರೆ ನುಣ್ಣಗಾಗುವವರೆಗೆ ಕಾದರು. ನುಣ್ಣಗಾದ ಮೇಲೆ ಅವಳು ಬೆರಳು ತುಟಿಗೆ ಇಟ್ಟಳು, ಬಫರ್ ತಲೆ ಅಲ್ಲಾಡಿಸಿದ, ಮಾತು ಮುಗಿಯಿತು.

ಮಾತಾಡದೆ ಕೂರುವುದು ಎಂದರೆ ಏನೂ ಮಾಡದೆ ಕೂರುವುದು ಎಂದು ಅವಳು ಅಂದುಕೊಂಡಿದ್ದಳು. ಅರ್ಧ ಗಂಟೆಯಲ್ಲಿ ಗೊತ್ತಾಯಿತು, ಅದು ಮೈಯೆಲ್ಲ ಬೇಡುವ ಕೆಲಸ. ಹೇಳಬೇಕಾದ್ದು ಗಂಟಲಿನವರೆಗೆ ಬಂದು ಅಲ್ಲಿಂದ ಕೈಗೆ ಇಳಿಯುತ್ತಿತ್ತು. ಪಂಪು ನಿಧಾನ ಮಾಡು ಎನ್ನುವುದಕ್ಕೆ ಆಮೆಯಾದಳು. ಹದಿನೇಳರ ಬಾಟಲಿ ತಾ ಎನ್ನುವುದಕ್ಕೆ ಹತ್ತು ಬೆರಳು, ಆಮೇಲೆ ಏಳು. ಅವನು ಹತ್ತನ್ನು ನೋಡಿ ಏಳನ್ನು ನೋಡದೆ ಹತ್ತರ ಬಾಟಲಿ ತಂದ. ಅವಳು ಹಣೆ ಚಚ್ಚಿಕೊಂಡಳು. ಅವನು ಅದನ್ನೂ ಒಂದು ಸಂಖ್ಯೆ ಎಂದು ತಿಳಿದು ಹುಬ್ಬು ಗಂಟಿಕ್ಕಿದ. ಕೊನೆಗೆ ಅವಳೇ ಎದ್ದು ತಂದಳು. ಸಪ್ಪಳವಿಲ್ಲದೆ ನಗುವುದು ಇನ್ನೂ ಕಷ್ಟ, ಮೂಗಿನಿಂದ ಸೋರುತ್ತದೆ. ಮನೆಯಲ್ಲಿ ಈ ವಾರವೆಲ್ಲ ಅಪ್ಪ ಹೀಗೇ ಅಲ್ಲವೇ ಇದ್ದದ್ದು. ಉಪ್ಪು ಬೇಕೆಂದರೆ ಸಮುದ್ರದಲ್ಲಿ ಈಜಿ ತೋರಿಸುತ್ತಿದ್ದರು. ಅಮ್ಮನಿಗೆ ಬೇಕೆಂದೇ ತಿಳಿಯುತ್ತಿರಲಿಲ್ಲ: "ಏನು, ಸ್ನಾನಕ್ಕೆ ನೀರು ಕಾಯಿಸಬೇಕಾ?" ಅಪ್ಪ ಇನ್ನೂ ಜೋರಾಗಿ ಈಜುತ್ತಿದ್ದರು. ಅವಳು ನಗುತ್ತಿದ್ದಳು, ನಕ್ಕು ಮುಗಿದ ಮೇಲೆ ತನ್ನ ಕೋಣೆಗೆ ಹೋಗಿ ಓದುತ್ತಿದ್ದಳು. ಅಪ್ಪನಿಗೆ ಕಷ್ಟ ಎಂದು ಅನ್ನಿಸಿತ್ತೇ ಹೊರತು ಕೆಲಸ ಎಂದು ಅನ್ನಿಸಿರಲಿಲ್ಲ. ಒಂದೊಂದು ಮಾತನ್ನೂ ಮೊದಲಿನಿಂದ ಕಟ್ಟಿ, ಎದುರಿನವರಿಗೆ ತಲುಪಿತೇ ಎಂದು ಕಣ್ಣಲ್ಲೇ ಕಾದು, ತಲುಪದಿದ್ದರೆ ಒಡೆದು ಮತ್ತೆ ಕಟ್ಟುವ ಇಂಥ ಕೆಲಸ. ಅದನ್ನು ಆಟ ಎಂದು ಕಾಣುವಂತೆ ಮಾಡುತ್ತಿದ್ದುದು ಅದರ ಮೇಲಿನ ಇನ್ನೊಂದು ಕೆಲಸ.

ಕಳೆದ ಸಲ ಕವಾಟ ಬದಲಾಯಿಸಿದಾಗ ಅಪ್ಪ ಹಳೆಯದನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದು ಅವಳ ಕೈಗಿಟ್ಟಿದ್ದರು. "ತಗೋ, ನನ್ನ ಬಾಡಿಗೆದಾರರು. ಬಾಡಿಗೆ ಒಂದು ಕಾಸೂ ಕೊಟ್ಟಿಲ್ಲ, ನಿನ್ನ ಯಂತ್ರದಲ್ಲಿಟ್ಟು ವಿಚಾರಿಸು." ಹಾಗೆಲ್ಲ ತೆಗೆದುಕೊಂಡು ಹೋಗುವಂತಿಲ್ಲ ಅಪ್ಪ, ರೋಗಿಯಿಂದ ತಂದ ವಸ್ತುವಿಗೆ ಸಮಿತಿ ಒಪ್ಪಬೇಕು, ಎಂದು ಅವಳು ಹೇಳಿದ್ದಳು. "ನಾನು ರೋಗಿಯಲ್ಲ ಮಗಳೇ, ಮನೆ ಮಾಲೀಕ" ಅಂದಿದ್ದರು. ಈ ಲೋಳೆಯನ್ನೇ ಏಕೆ ಆರಿಸಿಕೊಂಡೆ ಎಂದು ಮೊದಲ ವರ್ಷ ಮೇಡಂ ಕೇಳಿದಾಗ ಅವಳು ಪುಸ್ತಕದಲ್ಲಿದ್ದ ಉತ್ತರವನ್ನೇ ಹೇಳಿದ್ದಳು. ಮನೆ ಮಾಲೀಕನ ಸುದ್ದಿ ಎತ್ತಿರಲಿಲ್ಲ. ಎತ್ತಿದರೆ ಮೇಡಂ "ಇರಬಹುದು" ಅಂದುಬಿಟ್ಟರೆ ಎಂದು ಹೆದರಿಕೆ.

ಪರದೆಯ ಮೇಲೆ ಹೊಸ ಗೆರೆ ಬಂತು. ಹದಿನೇಳರ ಜಾಗದಲ್ಲಿ ಸಣ್ಣದೊಂದು ಏರು. ಬಂದ, ಎಂದು ಅವಳು ಬಫರನ ತೋಳು ತಟ್ಟಿದಳು. ಅತಿಥಿ ಬುಡದವರೆಗೆ ಬಂದ. ಇದು ಹಿಂದೆಯೂ ಆಗಿತ್ತು. ಮುಂದಿನ ಗೆರೆ, ಅದರ ಮುಂದಿನದು. ಅತಿಥಿ ದೊಡ್ಡವನಾಗುತ್ತ ಹೋದ, ಪ್ರೋಟೀನಿನ ಶಿಖರ ಮಾತ್ರ ಬೋಳು ತಲೆಯ ಹಾಗೆ ನುಣ್ಣಗಿತ್ತು. ಹಲ್ಲಿಲ್ಲ. ಭುಜವೂ ಇಲ್ಲ. ಮೊನ್ನೆ ಇಷ್ಟು ಹೊತ್ತಿಗೆ ಎದ್ದಿತ್ತಲ್ಲ. ಹಾಗಾದರೆ ಮೊನ್ನೆ ಎದ್ದದ್ದು ಬರೀ ತನ್ನ ಬಾಯಿ. ಮೂರು ವರ್ಷ ಲೋಳೆ ಬೆಳೆಸಿ, ಕೊನೆಗೆ ಸಿಕ್ಕಿದ್ದು ಮೇಡಂ ತರಕಾರಿ ಕೊಂಡದ್ದರ ವರದಿ. ಅವಳು ನಿನ್ನೆಯ ಸಭೆಯನ್ನು ನೆನೆದಳು: ಕೋಲು ಹಿಡಿದು "ಇಲ್ಲಿ ಗಮನಿಸಿ" ಎಂದು ತನ್ನ ಉಸಿರನ್ನೇ ಎಲ್ಲರಿಗೂ ತೋರಿಸುತ್ತ ನಿಂತ ತನ್ನನ್ನು, ತಲೆದೂಗಿದವರನ್ನು, ಮನೆಗೆ ಹೋಗಿ ಬಾಗಿಲಲ್ಲೇ "ಅಪ್ಪ, ಬೇಸ್‌ಲೈನು ಚೆನ್ನಾಗಿದೆ ಅಂತು" ಎಂದು ಮೇಡಂ ದನಿ ಮಾಡಿ ಕೂಗಿದ್ದನ್ನು, ಮಾತಿಲ್ಲದ ಅಪ್ಪ ತಟ್ಟೆಯ ಮೇಲೆ ಚಮಚದಿಂದ ನಿಲ್ದಾಣದ ಗಂಟೆ ಬಾರಿಸಿದ್ದನ್ನು. ಬಫರ್ ಕೈ ಎತ್ತಿ ತಾಳು ಎಂದು ಸನ್ನೆ ಮಾಡಿದ. ಅವನು ಯಾವಾಗಲೂ ಹಾಗೆಯೇ ಮಾಡುತ್ತಾನೆ, ಅದಕ್ಕೇ ಅವನ ಸನ್ನೆಗೆ ಬೆಲೆಯಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ಆಸ್ಪತ್ರೆಯ ಬೆಂಚಿನ ಮೇಲೆ ಈಗ ಅಮ್ಮ, ಅಪ್ಪ. ಕೂಗುವ ನರ್ಸಿನ ಹಾಗೆ ಅಪ್ಪ ಸದ್ದಿಲ್ಲದೆ ಬಾಯಿ ಅಗಲಿಸಿ ತೋರಿಸುತ್ತಿರುತ್ತಾರೆ, ಅಮ್ಮ ತೊಡೆಗೆ ಚಿವುಟುತ್ತಿರುತ್ತಾಳೆ.

ಯಾರೋ ಅವಳ ತೋಳು ಹಿಡಿದು ಅಲ್ಲಾಡಿಸಿದರು. ಬಫರ್ ಪರದೆಯನ್ನಲ್ಲ, ತನ್ನ ಭುಜವನ್ನೇ ತೋರಿಸುತ್ತಿದ್ದ. ಹುಚ್ಚನ ಹಾಗೆ ಎರಡೂ ಭುಜ ಕುಣಿಸುತ್ತಿದ್ದ. ಅವಳು ನೋಡಿದಳು. ಶಿಖರದ ಇಳಿಜಾರಿನಲ್ಲಿ, ಮೊನ್ನೆಗಿಂತ ಚಿಕ್ಕದಾಗಿ, ಹಲ್ಲಿಲ್ಲದ, ಈಗಷ್ಟೇ ಎದ್ದು ಕೂತ ಕೂಸಿನಷ್ಟು ಮೆತ್ತಗಿನ ಒಂದು ಉಬ್ಬು. ನಂಬಲಿಲ್ಲ. ಮುಂದಿನ ಗೆರೆಯಲ್ಲಿ ಅದು ಇನ್ನೊಂದಿಷ್ಟು ಎದ್ದಿತು. ಆವಿಯ ಜಾಗ ಚಪ್ಪಟೆ, ಡೈಆಕ್ಸೈಡಿನ ಜಾಗ ಚಪ್ಪಟೆ. ಮೊನ್ನೆ ಅವಸರದಲ್ಲಿ ತನ್ನ ಬಾಯಿ ಮುಂಚೆ ಎದ್ದು, ನಿಜವಾದ ಭುಜ ಹಿಂದಿನಿಂದ ಬಂದದ್ದು ಕಾಣದೆ ಹೋಗಿತ್ತು. ಇದು ಉಸಿರಲ್ಲ, ಮಾತಲ್ಲ, ಅವಳಲ್ಲ. ವಠಾರದ ಬುಡದ ಮನೆಯಲ್ಲಿ ಪ್ರೋಟೀನು ತನ್ನ ಮಡಿಕೆ ತಾನು ಬಿಚ್ಚುತ್ತಿತ್ತು, ಅವಳಿಗೆ ಗೊತ್ತಿಲ್ಲದಷ್ಟು ನಿಧಾನವಾಗಿ. ಕೂಗಬೇಕೆನ್ನಿಸಿತು. ಕೂಗುವಂತಿಲ್ಲ. ಅವಳೂ ಭುಜ ಕುಣಿಸಿದಳು. ಇಬ್ಬರೂ ಯಂತ್ರದ ಎರಡು ಕಡೆ ನಿಂತು, ಬಾಯಿ ಬಿಗಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಭುಜ ಕುಣಿಸುತ್ತಿದ್ದಾಗ ಮಬ್ಬುಗಾಜಿನ ಮೇಲೆ ನೆರಳು ಬಿತ್ತು. ಈ ಸಲ ಅದು ಗೂಟವಾಗಿರಲಿಲ್ಲ.

ಮೇಡಂ ಒಳಗೆ ಬಂದು ಕುಣಿತವನ್ನು ಒಂದು ಸಲ, ಪರದೆಯನ್ನು ಬಹಳ ಹೊತ್ತು ನೋಡಿದರು. ಗೆರೆಗಳನ್ನು ಹಿಂದಕ್ಕೆ ಹಿಂದಕ್ಕೆ ಓಡಿಸಿ, ಮುಂದಕ್ಕೆ ಓಡಿಸಿ, ಡೈಆಕ್ಸೈಡಿನ ಜಾಗಕ್ಕೆ ಹೋಗಿ ಅಲ್ಲೇ ನಿಂತು, ಮತ್ತೆ ಬಂದರು. ಬೆರಳಿನಿಂದ ಗಾಳಿಯಲ್ಲಿ ತೊಳೆ ಎಂದು ಬರೆದರು. ಮದ್ದು ನಿಲ್ಲಿಸಿ ಬರೀ ದ್ರಾವಣ ಹರಿಸಿದರೂ ಭುಜ ಉಳಿದರೆ ಅದು ಆದ ಗಾಯ, ಅತಿಥಿ ಇರುವಷ್ಟು ಹೊತ್ತಿನ ಗದ್ದಲ ಅಲ್ಲ. ಬಫರ್ ಕೊಳವೆ ಬದಲಾಯಿಸಿದ. ಹದಿನೇಳರ ಏರು ಕರಗತೊಡಗಿತು. ಅತಿಥಿ ಹೋದ. ಭುಜ ಅಲ್ಲೇ ಇತ್ತು. ಮೂವರೂ ಒಂದೇ ಕುರ್ಚಿಯ ಸುತ್ತ ಬಗ್ಗಿ, ಒಬ್ಬರ ಕಿವಿಗೆ ಒಬ್ಬರ ಉಸಿರು ತಾಗದಂತೆ ಮುಖ ತಿರುಗಿಸಿಕೊಂಡು ನೋಡಿದರು. ಭುಜ ಅಲ್ಲೇ ಇತ್ತು.

"ಸಾಕು," ಅಂದರು ಮೇಡಂ. ಇಷ್ಟು ಹೊತ್ತಿನ ಮೇಲೆ ಕೇಳಿದ ಮೊದಲ ಮಾತು ಎಷ್ಟು ದೊಡ್ಡದಾಗಿತ್ತೆಂದರೆ ಇಬ್ಬರೂ ಬೆಚ್ಚಿದರು. "ಮುಗೀತು. ಕೊಳವೆ ತೊಟ್ಟಿಕ್ತಿದೆ ಅನ್ಸತ್ತೆ, ಹಾಳೆ ತೆಗಿ ನೋಡೋಣ." ಬಫರ್ ಟೇಪು ಕಿತ್ತ. ಯಂತ್ರವನ್ನು ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ. ಅಷ್ಟರಲ್ಲಿ ಮೇಜಿನ ಮೇಲೆ ಅವಳ ಮೊಬೈಲು ನಡುಗಿತು. ಅಮ್ಮ. ಅವಳು ಮೇಡಂ ಕಡೆ ನೋಡಿದಳು. "ತಗೋ, ಮುಗೀತಲ್ಲ" ಅಂದರು ಮೇಡಂ. ಅವಸರದಲ್ಲಿ ಅವಳ ಬೆರಳು ಸ್ಪೀಕರಿಗೆ ತಾಗಿತು.

ಮೊದಲು ಚಮಚದ ಗಂಟೆ. ಆಮೇಲೆ, ಹೊಸ ಕವಾಟದೊಳಗಿಂದ, ಗೊರಗೊರ ಎನ್ನುವ, ತಗ್ಗಿನ, ವಾರದಿಂದ ಯಾರೂ ಕೇಳಿರದ ದನಿ:

"ಪ್ರಯಾಣಿಕರ ಗಮನಕ್ಕೆ. ಒಂದು ವಾರ ತಡವಾಗಿ ಓಡುತ್ತಿದ್ದ ಮಾತಿನ ಗಾಡಿ ಈಗ ಒಂದನೇ ಪ್ಲಾಟ್‌ಫಾರ್ಮಿಗೆ ಬಂದು ನಿಂತಿದೆ." ನಡುವೆ ಒಂದು ಉಸಿರು. ಹೆಬ್ಬೆರಳು ತೆಗೆದು ಮತ್ತೆ ಒತ್ತಿದ ಸದ್ದು. ದನಿ ಈಗ ಮೂಗಿನ ತುದಿಗೆ ಏರಿತು, ಪದದ ಕೊನೆಗೆಲ್ಲ ಒಂದೊಂದು ಸಣ್ಣ ಬೀಗ ಬಿತ್ತು. "ಗಾಡಿ ಮತ್ತೆ ಹೊರಡಬಹುದು. ಹೊರಡದೆಯೂ ಇರಬಹುದು. ಸಾಕಷ್ಟು ಪುರಾವೆ ಇಲ್ಲ."

ಬಫರ್ ಟೇಪಿನ ಉಂಡೆಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

"ಯಾರದು?" ಅಂದರು ಮೇಡಂ.

"ಅಪ್ಪ."

"ಅವರು ನನ್ನನ್ನ ಎಲ್ಲಿ ನೋಡಿದಾರೆ?"

"ನೋಡಿಲ್ಲ ಮೇಡಂ."

"ಮತ್ತೆ?"

ಅವಳು ಮೊಬೈಲಿಗೆ ಕೈ ಚಾಚಿದಳು. ಫೋನಿನಿಂದ "ಪುಟ್ಟಿ? ಇದೀಯಾ? ಹೇಗಿತ್ತು ನನ್ನ ಬೇಸ್‌ಲೈನು?" ಎಂದು ಬಂತು. ಹಿಂದಿನಿಂದ ಅಮ್ಮ, "ಮೊದಲು ನೀರು ಕುಡಿದು ತೋರ್ಸಿ ಅವಳಿಗೆ, ಒಂದು ಹನಿ ಸೋರಿಲ್ಲ ಕಣೇ" ಎಂದು ಕೂಗಿದಳು. ಮೇಡಂ ಫೋನನ್ನು ನೋಡಿದರು, ಅವಳನ್ನು ನೋಡಿದರು, ಪರದೆಯ ಮೇಲಿನ ಭುಜವನ್ನು ನೋಡಿದರು. ಮೂರಕ್ಕೂ ಒಂದೇ ಗೆರೆ ಎಳೆದು ನೋಡುತ್ತಿರುವ ಹಾಗೆ ಅವರ ಕಣ್ಣು ಓಡಾಡಿತು. "ನೀರು ಸೋರೋದು ಎಲ್ಲಿಂದ?" ಎಂದು ಮೆಲ್ಲಗೆ ಕೇಳಿದರು.

"ಗಂಟಲಲ್ಲಿ ಕವಾಟ ಇದೆ ಮೇಡಂ. ಅದರ ಮೇಲೆ ಲೋಳೆ ಕಟ್ಟತ್ತೆ."

"ಮೂರು ವರ್ಷದಿಂದ ಇದನ್ನ ಹೇಳಿಲ್ಲ ನೀನು. ಬೇರೆ ಎಲ್ಲಾ ಮಾತಾಡ್ತೀಯ." ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಥೇಟ್ ಹಾಗೆಯೇ. "ಮೊನ್ನೆ ಬಾಗಿಲ ಹತ್ರ ನಿಂತು ಕೇಳಿದೆನಲ್ಲ, ಅದಕ್ಕಿಂತ ನಿಮ್ಮಪ್ಪನದೇ ವಾಸಿ. ನೀನು ಗಲ್ಲ ಜಾಸ್ತಿ ಎತ್ತುತ್ತೀಯ. ನಾನು ಅಷ್ಟು ಎತ್ತಲ್ಲ." ಎನ್ನುತ್ತ ಅವರ ಗಲ್ಲ ತಾನಾಗಿಯೇ ಮೇಲೆದ್ದಿತು. ಎದ್ದದ್ದು ಅವರಿಗೇ ಗೊತ್ತಾಯಿತು. ಇಳಿಸಲು ಹೋಗಿ ಇಳಿಯಲಿಲ್ಲ, ಮೂಗಿನಿಂದ ಏನೋ ಸೋರಿತು, ಬಫರ್ ಟೇಪು ಕೆಳಗೆ ಹಾಕಿದ, ಆಮೇಲೆ ಮೇಡಂ ಯಂತ್ರದ ಮುಚ್ಚಳದ ಮೇಲೆ ಎರಡೂ ಕೈ ಊರಿ ನಗತೊಡಗಿದರು. ಅವರ ನಗು ಯಾರೂ ಕೇಳಿರಲಿಲ್ಲ, ಆದ್ದರಿಂದ ಯಾರಿಗೂ ಅದನ್ನು ಮಾಡಲು ಬರುತ್ತಿರಲಿಲ್ಲ. ಸಣ್ಣ ಹುಡುಗಿಯ ಹಾಗೆ, ಬಿಕ್ಕಿ ಬಿಕ್ಕಿ, ನಡುನಡುವೆ "ಪುರಾವೆ ಇಲ್ವಂತೆ" ಎನ್ನುತ್ತ ನಕ್ಕರು. "ಯಾರದು ನಗು? ಹೊಸಬರ ಹಾಗಿದೆ" ಅಂದರು ಅಪ್ಪ ಫೋನಿನಲ್ಲಿ, ಕುತೂಹಲದಿಂದ. ಆ ದನಿಯನ್ನು ಅವರು ಆಗಲೇ ನಾಲಿಗೆಯ ಮೇಲೆ ಇಟ್ಟುಕೊಂಡು ರುಚಿ ನೋಡುತ್ತಿದ್ದಾರೆಂದು ಅವಳಿಗೆ ತಿಳಿಯಿತು. ಹಾಳೆ ಕಿತ್ತ ಸಂದಿನ ಮುಂದೆ ಮೂವರೂ ಬಾಯಿ ತೆರೆದು ನಗುತ್ತ ನಿಂತಿದ್ದರು. ಯಂತ್ರ ತನ್ನ ಪಾಡಿಗೆ ಮುಂದಿನ ಗೆರೆ ಎಳೆಯಿತು. ಈ ತುದಿಯಿಂದ ಆ ತುದಿಯವರೆಗೆ ಹಲ್ಲೇ ಹಲ್ಲು, ಎಲ್ಲಕ್ಕಿಂತ ಎತ್ತರದ್ದು ಯಾರದೆಂದು ಹೇಳುವಂತಿರಲಿಲ್ಲ.